ಕ್ಲೋರಿನ್ ಹಾಕಿದರೆ ಮುಗಿಯಿತೇ? ಮನೆಮಂದಿಯ ಗುಂಪಿನಲ್ಲಿ ನಡೆದ ವಾದ

ಮಾವ: (ಫಾರ್ವರ್ಡ್ ಆದ ಸಂದೇಶ) "ಕೊಳಚೆ ನೀರಿನ ಸೂಪರ್‌ಬಗ್‌ಗಳಿಗೆ ಹೆದರಬೇಡಿ! ಕ್ಲೋರಿನ್ ಶೇ 99.9ರಷ್ಟು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಔಷಧಕ್ಕೆ ಬಗ್ಗದವುಗಳಿಗೂ ಅದೇ ಗತಿ. ಎಲ್ಲರಿಗೂ ತಿಳಿಸಿ."

ಮಾವ: ನೌಕರಿಯ ಉದ್ದಕ್ಕೂ ನೀರು ಸರಬರಾಜಿನಲ್ಲೇ ಇದ್ದವನು ನಾನು. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ನಾನು: ಮಾವ, ಕುಡಿಯುವ ನೀರಿನ ಲೆಕ್ಕವನ್ನು ಕೊಳಚೆ ನೀರಿಗೆ ಹಚ್ಚಬೇಡಿ. 100 ಮಿಲಿಲೀಟರಿನಲ್ಲಿ 10 ಲಕ್ಷ ಬ್ಯಾಕ್ಟೀರಿಯಾ ಇದ್ದರೆ, ಶೇ 99.9 ಸತ್ತ ಮೇಲೂ ಸಾವಿರ ಉಳಿಯುತ್ತವೆ. ಅದೂ ಕ್ಲೋರಿನ್ ಕೈಕೊಡದಿದ್ದರೆ. ನೀರಿನಲ್ಲಿ ಅಮೋನಿಯಾ ಇದ್ದರೆ ಹಾಕಿದ ಕ್ಲೋರಿನ್ ತಕ್ಷಣ ಕ್ಲೋರಮೈನ್ ಆಗಿಬಿಡುತ್ತದೆ. ಅದೂ ಕೊಲ್ಲುತ್ತದೆ, ಆದರೆ ಬಹಳ ನಿಧಾನವಾಗಿ.

ಮಾವ: ಅಮೋನಿಯಾ ಮುಗಿದು ಕ್ಲೋರಿನ್ ಬಿಡಿಯಾಗಿ ಉಳಿಯತೊಡಗುವ ಬ್ರೇಕ್‌ಪಾಯಿಂಟ್ ದಾಟುವಷ್ಟು ಹಾಕಿದರಾಯಿತು. ಇದನ್ನೂ ನಾನು ಹೇಳಿಕೊಡಬೇಕೇ?

ನಾನು: ನೀವೇ ಲೆಕ್ಕ ಹಾಕಿ. ಅಮೋನಿಯಾ ರೂಪದಲ್ಲಿರುವ 1 ಮಿಲಿಗ್ರಾಂ ಸಾರಜನಕಕ್ಕೆ ಪುಸ್ತಕದ ಪ್ರಕಾರವೇ ಸುಮಾರು 7.6 ಮಿಲಿಗ್ರಾಂ ಕ್ಲೋರಿನ್ ಬೇಕು. ಲೀಟರಿಗೆ 20 ಮಿಲಿಗ್ರಾಂ ಇದ್ದರೆ 150ಕ್ಕೂ ಹೆಚ್ಚು. ಅಷ್ಟು ಸುರಿದರೆ ಸಾವಯವ ಕಶ್ಮಲದೊಂದಿಗೆ ಸೇರಿ ಹುಟ್ಟುವ ಟ್ರೈಹ್ಯಾಲೋಮೀಥೇನ್‌ಗಳೆಂಬ ಹಾನಿಕರ ರಾಸಾಯನಿಕಗಳನ್ನು ಏನು ಮಾಡುತ್ತೀರಿ? ಕ್ಲೋರಿನ್ ಅಮೋನಿಯಾಕ್ಕೆ ಸಿಕ್ಕಿಬೀಳುವುದು ಪ್ರಯೋಗಾಲಯದಲ್ಲಿ ಕಣ್ಣಿಗೇ ಕಾಣುತ್ತದೆ. ಕ್ಲೋರಿನ್ ಹಾಕಿದ ಇಂಥ ನೀರಿಗೆ ಬಿಡಿ ಕ್ಲೋರಿನ್ ಇದ್ದರೆ ಗುಲಾಬಿಯಾಗುವ ಡಿಪಿಡಿ ಪರೀಕ್ಷಾ ಪುಡಿ ಬೆರೆಸಿದರೆ ಗುಲಾಬಿ ಬಣ್ಣ ಏಳುವುದೇ ಇಲ್ಲ, ಎದ್ದರೂ ತೀರಾ ತೆಳು. ಅದೇ ನಳಿಕೆಗೆ ಪೊಟ್ಯಾಸಿಯಂ ಅಯೊಡೈಡ್ ಹಾಕಿದೊಡನೆ ಬಣ್ಣ ಗಾಢವಾಗುತ್ತದೆ. ಕ್ಲೋರಿನ್ ಇದೆ, ಆದರೆ ಅಮೋನಿಯಾಕ್ಕೆ ಕಟ್ಟುಬಿದ್ದಿದೆ ಎಂದರ್ಥ.

ಚಿಕ್ಕಮ್ಮ: ನಮ್ಮ ವಾರ್ಡಿನಲ್ಲಿ ಕಾರ್ಬಪೆನೆಮ್ ಎಂಬ ಪ್ರಬಲ ಆ್ಯಂಟಿಬಯಾಟಿಕ್‌ಗೂ ಜಗ್ಗದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಇರುವ ರೋಗಿಗಳನ್ನು ನೋಡಿಕೊಂಡವಳು ನಾನು. ಅವರಿಂದ ಹೊರಬಿದ್ದದ್ದೆಲ್ಲ ಚರಂಡಿಗೇ ಹೋಗುತ್ತದೆ. ಅದಕ್ಕೇ ಕೇಳುತ್ತೇನೆ, ನಿಧಾನಕ್ಕಾದರೂ ಸತ್ತರೆ ಪೀಡೆ ಕಳೆಯಿತಲ್ಲವೇ?

ನಾನು: ಚಿಕ್ಕಮ್ಮ, ಆ ಸಂದೇಶ ತಪ್ಪುವುದೇ ಇಲ್ಲಿ. 1928ರಲ್ಲಿ ಫ್ರೆಡರಿಕ್ ಗ್ರಿಫಿತ್ ಇಲಿಗಳಿಗೆ ಎರಡು ಬಗೆಯ ನ್ಯುಮೋನಿಯಾ ಬ್ಯಾಕ್ಟೀರಿಯಾಗಳನ್ನು ಬೆರೆಸಿ ಚುಚ್ಚಿದರು. ಒಂದು ಜೀವಂತ, ಆದರೆ ನಿರುಪದ್ರವಿ. ಇನ್ನೊಂದು ಮಾರಕ, ಆದರೆ ಕಾಯಿಸಿ ಕೊಂದದ್ದು. ಇಲಿಗಳು ಸತ್ತವು. ಅವುಗಳ ರಕ್ತದಲ್ಲಿ ಮಾರಕ ಬಗೆಯೇ ಜೀವಂತವಾಗಿ ಸಿಕ್ಕಿತು! ಸತ್ತದ್ದರಿಂದ ಬದುಕಿದ್ದಕ್ಕೆ ದಾಟಿದ್ದು ಡಿಎನ್‌ಎ ಎಂದು 1944ರಲ್ಲಿ ಆವರಿ ಮತ್ತು ಸಂಗಡಿಗರು ತೋರಿಸಿದರು. ಔಷಧ ನಿರೋಧಕ ಗುಣವೂ ಡಿಎನ್‌ಎಯಲ್ಲೇ ಇರುವುದು. ಕ್ಲೋರಿನ್ ಕೋಶದ ಪೊರೆಯನ್ನು ಒಡೆದು ಬ್ಯಾಕ್ಟೀರಿಯಾವನ್ನು ಕೊಂದಾಗ, ಒಳಗಿನ ಜೀನ್ ಪೂರ್ತಿ ಚೂರಾಗಿರಬೇಕೆಂದಿಲ್ಲ. ಅದು ನೀರಿಗೆ ಸೋರುತ್ತದೆ. ಬಹುಪಾಲು ಹಾಳಾಗಿ ಹೋಗುತ್ತದೆ, ನಿಜ. ಉಳಿದದ್ದನ್ನು ಹೀರಿಕೊಳ್ಳಬಲ್ಲ ಬ್ಯಾಕ್ಟೀರಿಯಾಗಳೂ ಅದೇ ನೀರಿನಲ್ಲಿವೆ.

ಇನ್ನೊಂದು ತೊಡಕಿದೆ. ಕ್ಲೋರಿನ್ ಪೆಟ್ಟು ತಿಂದ ಕೆಲವು ಬ್ಯಾಕ್ಟೀರಿಯಾ ಪ್ರಯೋಗಾಲಯದಲ್ಲಿ ಅವನ್ನು ಬೆಳೆಸಿ ಎಣಿಸುವ ತಟ್ಟೆಯಲ್ಲಿ ಬೆಳೆಯುವುದಿಲ್ಲ, ಆದರೆ ಸತ್ತೂ ಇರುವುದಿಲ್ಲ. ತಟ್ಟೆ ಖಾಲಿ ಎಂದು ವರದಿಯಲ್ಲಿ ಸೊನ್ನೆ ಬರೆಯುತ್ತೇವೆ.

ಭಾವ: ಹಾಗಾದರೆ ಕ್ಲೋರಿನನ್ನೇ ನಿಲ್ಲಿಸಬೇಕು. ಅರೆಬರೆ ಕ್ಲೋರಿನ್ ಜೀನ್ ವಿನಿಮಯವನ್ನು ಹೆಚ್ಚಿಸುತ್ತದೆ ಎಂದು ನಾನೂ ಓದಿದ್ದೇನೆ.

ನಾನು: ಬೇಡ ಭಾವ, ಅದು ಇನ್ನೂ ದೊಡ್ಡ ಅಪಾಯ. ಪ್ರಯೋಗಾಲಯಗಳಲ್ಲಿ ನೀವು ಹೇಳಿದ್ದು ಕಂಡುಬಂದಿದೆ, ಒಪ್ಪುತ್ತೇನೆ. ಆದರೆ ಅದು ಕಡಿಮೆ ಹಾಕುವುದರ ವಿರುದ್ಧದ ಮಾತೇ ಹೊರತು ಹಾಕುವುದರ ವಿರುದ್ಧದ್ದಲ್ಲ. ಕಾಲರಾ, ಟೈಫಾಯ್ಡ್ ಹರಡದಂತೆ ತಡೆಯುವುದರಲ್ಲಿ ಕ್ಲೋರಿನ್‌ನ ಪಾಲು ಬಹಳ ದೊಡ್ಡದು. ನಾನು ಹೇಳುವುದು ಇಷ್ಟೇ: ಅದನ್ನು ಕೊನೆಗೆ ಹಾಕಿ, ಸಿದ್ಧವಾದ ನೀರಿಗೆ ಹಾಕಿ. ಮೊದಲು ಜೈವಿಕ ಹಂತದಲ್ಲಿ ಅಮೋನಿಯಾ ನೈಟ್ರೇಟ್ ಆಗಲಿ. ಆಮೇಲೆ ಸೋಸಿ, ಏಕೆಂದರೆ ತೇಲುವ ಕಣಗಳ ಒಳಗೆ ಅಡಗಿದ ಬ್ಯಾಕ್ಟೀರಿಯಾಗೆ ಕ್ಲೋರಿನ್ ತಾಗುವುದೇ ಇಲ್ಲ. ಹೊರಬಿಡುವ ಮುನ್ನ ಉಳಿದ ಕ್ಲೋರಿನನ್ನು ಸೋಡಿಯಂ ಬೈಸಲ್ಫೈಟ್ ಹಾಕಿ ತೆಗೆಯಬೇಕು. ಇಲ್ಲದಿದ್ದರೆ ಮೀನುಗಳು ಸಾಯುತ್ತವೆ.

ಮಾವ: ಓಝೋನ್ ಬಳಸಿದರೆ ಈ ತಾಪತ್ರಯವೇ ಇಲ್ಲವಲ್ಲ?

ನಾನು: ನೀರಿನಲ್ಲಿ ಬ್ರೋಮೈಡ್ ಇದ್ದರೆ ಓಝೋನ್ ಅದನ್ನು ಬ್ರೋಮೇಟ್ ಎಂಬ ಹಾನಿಕರ ವಸ್ತುವಾಗಿ ಮಾಡುತ್ತದೆ, ಮಾವ. ಇನ್ನೊಂದು ಸೋಂಕುನಿವಾರಕವಾದ ಪೆರಾಸಿಟಿಕ್ ಆಮ್ಲದ ಉಪೋತ್ಪನ್ನಗಳು ಕಡಿಮೆ, ಬೆಲೆ ಹೆಚ್ಚು. ನೇರಳಾತೀತ ಕಿರಣ ಡಿಎನ್‌ಎಗೇ ಹೊಡೆಯುತ್ತದೆ. ಆದರೆ ಬ್ಯಾಕ್ಟೀರಿಯಾವನ್ನು ನಿಷ್ಕ್ರಿಯಗೊಳಿಸುವ ಪ್ರಮಾಣ ಜೀನ್ ಕೆಡಿಸಲು ಸಾಲದು. ಯಾವುದನ್ನೇ ಹಾಕಿದರೂ ಅಳೆಯಬೇಕಾದದ್ದು ಎರಡು: ಬದುಕಿರುವ ನಿರೋಧಕ ಬ್ಯಾಕ್ಟೀರಿಯಾ, ಉಳಿದಿರುವ ನಿರೋಧಕ ಜೀನ್. ಮೊದಲನೆಯದನ್ನೇ ಎಲ್ಲ ಕಡೆ ಅಳೆಯುತ್ತಿಲ್ಲ. 2019ರಲ್ಲಿ ಔಷಧ ನಿರೋಧಕ ಸೋಂಕುಗಳಿಂದ ನೇರವಾಗಿ ಸತ್ತವರು ಜಗತ್ತಿನಲ್ಲಿ ಸುಮಾರು 12.7 ಲಕ್ಷ ಎಂಬ ಅಂದಾಜಿದೆ. "ಹೆದರಬೇಡಿ" ಎಂಬ ಪದವನ್ನು ನಾನು ಒಪ್ಪಲಾರೆ.

ಚಿಕ್ಕಮ್ಮ: ನೀರಿನಿಂದ ಬೇರೆಯಾದ ಕೆಸರು?

ನಾನು: ಬ್ಯಾಕ್ಟೀರಿಯಾಗಳ ದೊಡ್ಡ ಪಾಲು ಅದರಲ್ಲೇ ಇಳಿದಿರುತ್ತದೆ. ನೀರಿಗೆ ಹಾಕುವ ಕ್ಲೋರಿನ್ ಅದನ್ನು ಮುಟ್ಟುವುದಿಲ್ಲ. ಅದಕ್ಕೆ ಬೇರೆಯೇ ಸಂಸ್ಕರಣೆ ಬೇಕು.

ಮಾವ: ಸಂದೇಶವನ್ನು ಅಳಿಸುವುದಿಲ್ಲ, ಕ್ಲೋರಿನ್ ಕೊಲ್ಲುವುದಂತೂ ನಿಜ. ಆದರೆ ಕೆಳಗೆ ಅಮೋನಿಯಾ ಲೆಕ್ಕ ಸೇರಿಸಿ ನಿವೃತ್ತರ ಗುಂಪಿಗೆ ಹಾಕುತ್ತೇನೆ. ಜೀನ್ ವಿಷಯ ನೀನೇ ಎರಡು ಸಾಲು ಬರೆದು ಕೊಡು. ಗ್ರಿಫಿತ್ ಹೆಸರು ಬಿಡಬೇಡ.

ನಾನು: ರಾತ್ರಿಯೊಳಗೆ ಕಳಿಸುತ್ತೇನೆ ಮಾವ. "ಹೆದರಬೇಡಿ" ಇರುವ ಸಾಲನ್ನು ಮಾತ್ರ ತೆಗೆಯಿರಿ.