ರೈಜನ್ 7600 ಸಾಕಾ, ಇಲ್ಲ ಐ7 ಜೊತೆ ಲಿಕ್ವಿಡ್ ಕೂಲರ್ ಬೇಕೇ ಬೇಕಾ?

ತಾರಸಿರೂಮ್:

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಸ್ವಂತವಾಗಿ ಗೇಮಿಂಗ್ ಪಿಸಿ ಜೋಡಿಸಲು ಹೊರಟಿದ್ದೇನೆ. ಬಜೆಟ್ ಒಂದು ಲಕ್ಷದ ಹತ್ತು ಸಾವಿರ. ಅದರ ಮೇಲೆ ಹೋದರೆ ಅಪ್ಪನಿಗೆ ಲೆಕ್ಕ ಒಪ್ಪಿಸಬೇಕು. ಮಾನಿಟರ್ ಇದೆ, 1080ಪಿ, 144 ಹರ್ಟ್ಸ್. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 5060 ಟಿಐ 16 ಜಿಬಿ ಅಂತ ಹೆಚ್ಚುಕಮ್ಮಿ ತೀರ್ಮಾನ ಆಗಿದೆ. ಈಗಿರುವುದು ಐ3-9100ಎಫ್ ಪ್ರೊಸೆಸರ್, 8+8 ಜಿಬಿ ಡಿಡಿಆರ್4 2666 ರ್‍ಯಾಮ್. ರಾತ್ರಿ ಗೆಳೆಯರ ಜೊತೆ ಆಡುವುದು ವ್ಯಾಲರಂಟ್, ಸಿಎಸ್2. ಯಾರೂ ಆನ್‌ಲೈನ್ ಇಲ್ಲದಿದ್ದರೆ ಸೈಬರ್‌ಪಂಕ್ 2077.

ಕಳೆದ ವಾರ ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರೋಡ್‌ಗೆ ಹೋಗಿದ್ದೆ. ಒಂದು ಅಂಗಡಿಯಲ್ಲಿ ಐ7-14700ಕೆ ತಗೊಳ್ಳಿ, ಜೊತೆಗೆ 360 ಮಿಲಿಮೀಟರ್ ರೇಡಿಯೇಟರ್ ಇರುವ ಲಿಕ್ವಿಡ್ ಕೂಲರ್ (ದ್ರವ ಹರಿಸಿ ಪ್ರೊಸೆಸರ್ ತಣಿಸುವಂಥದ್ದು) ಹಾಕಿಸಿ ಅಂದರು. ಏರ್ ಕೂಲರ್ ಬೆಂಗಳೂರಿನ ಈಗಿನ ಬಿಸಿಲಿಗೆ ತಡೆಯಲ್ಲ ಸರ್ ಅಂತ ಬೇರೆ ಹೆದರಿಸಿದರು. ಅವರು ಕೊಟ್ಟ ಕೊಟೇಶನ್‌ನಲ್ಲಿ ಬಜೆಟ್‌ಗೆ ಹೊಂದಲಿ ಅಂತ ಗ್ರಾಫಿಕ್ಸ್ ಕಾರ್ಡನ್ನೇ ಆರ್‌ಟಿಎಕ್ಸ್ 3050ಗೆ ಇಳಿಸಿದ್ದರು! ನನಗೆ ಎಎಂಡಿಯ ರೈಜನ್ 5 7600 ಪ್ರೊಸೆಸರ್ ಮೇಲೆ ಮನಸ್ಸಿದೆ. ಆದರೆ ನನ್ನ ರೂಮು ವಿಜಯನಗರದಲ್ಲಿ ತಾರಸಿಯ ನೇರ ಕೆಳಗೆ, ಏಪ್ರಿಲ್‌ನಲ್ಲಿ ರಾತ್ರಿ ಹತ್ತಕ್ಕೂ ಸೀಲಿಂಗ್ ಮುಟ್ಟಿದರೆ ಬೆಚ್ಚಗಿರುತ್ತದೆ, ಎಸಿ ಇಲ್ಲ. ಬಾಕ್ಸ್ ಜೊತೆ ಬರುವ ಕೂಲರ್ ಸಾಕಾ? ಹಳೇ ರ್‍ಯಾಮ್ ಉಳಿಸಿಕೊಳ್ಳುವ ದಾರಿ ಏನಾದರೂ ಇದೆಯಾ? ದಯವಿಟ್ಟು ಹೇಳಿ.

ಎಸ್ಪಿರೋಡ್_ಸುತ್ತಾಟ:

ಗುರೂ, ಮೊದಲು ಆ ಕೊಟೇಶನ್ ಹರಿದು ಹಾಕಿ. ಐ7 ಜೊತೆ 3050 ಕೊಡುವುದು ಗೇಮಿಂಗ್ ಪಿಸಿ ಅಲ್ಲ, ಸ್ಟಾಕ್ ಖಾಲಿ ಮಾಡುವ ಉಪಾಯ.

14700ಕೆ ಕೆಟ್ಟ ಚಿಪ್ ಏನಲ್ಲ. 20 ಕೋರ್ ಇದೆ, ವಿಡಿಯೋ ರೆಂಡರ್ ಮಾಡುವವರಿಗೆ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಆದರೆ ಪೂರ್ತಿ ದುಡಿಸಿದರೆ 253 ವ್ಯಾಟ್ ತನಕ ಎಳೆಯುತ್ತದೆ, ಹಾಗಾಗಿಯೇ ಅವರು 360 ಕೂಲರ್ ಅಂದಿದ್ದು. ಅಂದರೆ ಲಿಕ್ವಿಡ್ ಕೂಲರ್ ಬೇಕಾಗಿರುವುದು ಬೆಂಗಳೂರಿನ ಬಿಸಿಲಿಗಲ್ಲ, ಅವರೇ ತೋರಿಸಿದ ಪ್ರೊಸೆಸರ್‌ಗೆ. 7600 ತಗೊಂಡರೆ ಅದು 65 ವ್ಯಾಟ್‌ನ ಚಿಪ್, ಸಾಕೆಟ್‌ನಿಂದ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಎಳೆಯುವ ಮಿತಿಯೇ 88 ವ್ಯಾಟ್. ಆಟ ಆಡುವಾಗ ಅಷ್ಟನ್ನೂ ಮುಟ್ಟುವುದು ಅಪರೂಪ. ಅದನ್ನು ತಣ್ಣಗಿಡಲು ಯಾವ ರೇಡಿಯೇಟರೂ ಬೇಡ.

ಇನ್ನೊಂದು ವಿಷಯ. 13 ಮತ್ತು 14ನೇ ತಲೆಮಾರಿನ ಇಂಟೆಲ್ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ, ಮುಖ್ಯವಾಗಿ ದೊಡ್ಡ ಮಾಡೆಲ್‌ಗಳಲ್ಲಿ, ವೋಲ್ಟೇಜ್ ಜಾಸ್ತಿ ಹೋಗಿ ಕ್ರ್ಯಾಶ್ ಆಗುವ ತೊಂದರೆ ಇತ್ತು. 2024ರಲ್ಲಿ ಇಂಟೆಲ್ ಅದನ್ನು ಒಪ್ಪಿಕೊಂಡು ಸರಿಪಡಿಸುವ ಮೈಕ್ರೋಕೋಡ್ (ಚಿಪ್‌ನ ಒಳಗಿನ ತಂತ್ರಾಂಶ) ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ಜಾಸ್ತಿ ಮಾಡಿತು. ಅದಿರುವ ಹೊಸ ಬಯಾಸ್ (ಬೋರ್ಡ್‌ನ ಮೂಲ ತಂತ್ರಾಂಶ) ಹಾಕಿದರೆ ಹೆದರಬೇಕಿಲ್ಲ. ಆದರೆ ಅಂಗಡಿಯವರು ಕೊಡುವ ಬೋರ್ಡ್‌ನಲ್ಲಿ ಯಾವ ಬಯಾಸ್ ಇರುತ್ತದೋ ಏನೋ, ತಗೊಂಡರೆ ಮೊದಲ ಕೆಲಸ ಅದೇ ಆಗಬೇಕು. 14700ಕೆ ಕೂರುವ ಸಾಕೆಟ್‌ಗೆ ಇನ್ನು ಮುಂದೆ ಹೊಸ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ ಬರುವ ನಿರೀಕ್ಷೆಯೂ ಇಲ್ಲ, ಇಂಟೆಲ್ ಆಗಲೇ 1851 ಎಂಬ ಹೊಸ ಸಾಕೆಟ್‌ಗೆ ಹೋಗಿಯಾಗಿದೆ.

ಎಸ್‌ಪಿ ರೋಡ್‌ನಲ್ಲೇ ತಗೊಳ್ಳಿ, ತಪ್ಪಿಲ್ಲ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದರೆ ನಡೆಯುವಷ್ಟು ದೂರ, ಗಾಡಿ ತಗೊಂಡು ಹೋಗಿ ಪಾರ್ಕಿಂಗ್ ಹುಡುಕುತ್ತಾ ಕೂರಬೇಡಿ. ಭಾನುವಾರ ಬೇಡ, ಹೆಚ್ಚಿನ ಬಾಗಿಲು ಮುಚ್ಚಿರುತ್ತವೆ. ಜಿಎಸ್‌ಟಿ ಬಿಲ್ ಕೇಳಿ. ಟ್ರೇ ಪೀಸ್ (ಬಾಕ್ಸ್ ಇಲ್ಲದೆ ಬಿಡಿಯಾಗಿ ಮಾರುವ ಪ್ರೊಸೆಸರ್) ಕೊಟ್ಟರೆ ಮಾತ್ರ ಹುಷಾರು. ಬೆಲೆ ಕಮ್ಮಿ ಇರುತ್ತದೆ, ಆದರೆ ಅದಕ್ಕೆ ಎಎಂಡಿಯ ಮೂರು ವರ್ಷದ ನೇರ ವಾರಂಟಿ ಇಲ್ಲ, ಏನಾದರೂ ಆದರೆ ಆ ಅಂಗಡಿಯೇ ಗತಿ. ಬಾಕ್ಸ್‌ನಲ್ಲಿ ಬರುವ ಕೂಲರ್ ಕೂಡ ಟ್ರೇ ಪೀಸ್ ಜೊತೆ ಬರುವುದಿಲ್ಲ.

ಅಜ್ಜಿಮನೆ_ಗೇಮರ್:

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೈಯಬೇಡಿ. 2025ರ ಕೊನೆಯಿಂದ ಡಿಡಿಆರ್5 ರ್‍ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ. ಎಲ್ಲ ಮೆಮೊರಿ ಚಿಪ್ಪೂ ಎಐ ಸರ್ವರ್‌ಗಳ ಕಡೆ ಹೋಗುತ್ತಿದೆ, ನಮ್ಮಂಥವರಿಗೆ ಉಳಿದದ್ದು. 7600 ಅಂದರೆ ಎಎಂ5 ಸಾಕೆಟ್, ಎಎಂ5 ಅಂದರೆ ಡಿಡಿಆರ್5 ಮಾತ್ರ, ಡಿಡಿಆರ್4 ಹಾಕಲು ಬರುವುದಿಲ್ಲ. ನಿಮ್ಮ ಹತ್ತಿರ 16 ಜಿಬಿ ಆಗಲೇ ಇದೆಯಲ್ಲ? ಐ5-12400ಎಫ್ ಮತ್ತು ಡಿಡಿಆರ್4 ಇರುವ ಬಿ760 ಬೋರ್ಡ್, ಇಲ್ಲವೇ ರೈಜನ್ 5 5600 ಮತ್ತು ಬಿ550. ಎರಡೂ ಆರು ಕೋರ್, ಎರಡಕ್ಕೂ ಬಾಕ್ಸ್‌ನಲ್ಲೇ ಕೂಲರ್ ಬರುತ್ತದೆ. ರ್‍ಯಾಮ್ ದುಡ್ಡು ಉಳಿಯಿತು, ಅಪ್ಪನೂ ಖುಷಿ. ಬಿ760 ತಗೊಳ್ಳುವಾಗ ಹೆಸರು ಸರಿಯಾಗಿ ಓದಿ, ಒಂದೇ ಬೋರ್ಡ್ ಡಿಡಿಆರ್4ಗೆ ಬೇರೆ ಡಿಡಿಆರ್5ಗೆ ಬೇರೆ ಬರುತ್ತದೆ.

ಸೈಬರ್‌ಪಂಕ್‌ನಲ್ಲಿ ಸೆಟ್ಟಿಂಗ್ ಎಲ್ಲ ಮೇಲಿಟ್ಟು ರೇ ಟ್ರೇಸಿಂಗ್ (ಬೆಳಕು, ನೆರಳು ನಿಜದಂತೆ ತೋರಿಸುವ ಸೌಲಭ್ಯ) ಹಾಕಿದರೆ 5060 ಟಿಐ ಸುಸ್ತಾಗುವುದೇ ಮೊದಲು. ಅಲ್ಲಿ 12400 ಇದ್ದರೂ 7600 ಇದ್ದರೂ ನಿಮ್ಮ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣಿಸಲ್ಲ.

ಮೌನಫ್ಯಾನ್:

ಅಜ್ಜಿಮನೆಯವರು ಸೈಬರ್‌ಪಂಕ್ ಬಗ್ಗೆ ಹೇಳಿದ್ದು ಸರಿ, ಆದರೆ ಕೇಳಿದವರು ದಿನಾ ಆಡುವುದು ವ್ಯಾಲರಂಟ್, ಸಿಎಸ್2. ಅವೆರಡೂ ಗ್ರಾಫಿಕ್ಸ್ ಕಾರ್ಡ್‌ಗಿಂತ ಪ್ರೊಸೆಸರ್ ಮೇಲೆ ಮತ್ತು ರ್‍ಯಾಮ್ ಮೇಲೆ ನಿಂತಿವೆ. 2666 ರ್‍ಯಾಮ್ ಹಾಕಿದರೆ 5600 ತನ್ನ ಪೂರ್ತಿ ಕೈ ಬೀಸಲಾರದು, ಅದಕ್ಕೆ 3600ರ ಹತ್ತಿರ ಬೇಕು. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳು) ಚೆನ್ನಾಗಿಯೇ ತೋರಿಸುತ್ತದೆ, ಆದರೆ ನಾಲ್ಕು ಜನ ಒಟ್ಟಿಗೆ ಸ್ಮೋಕ್ ಎಸೆದಾಗ ಒಂದು ಕ್ಷಣ ತಡವರಿಸುತ್ತದಲ್ಲ, ಪ್ರಾಣ ಹೋಗುವುದು ಅಲ್ಲೇ. 7600 ಜೊತೆ ಡಿಡಿಆರ್5 6000 ಹಾಕಿ ಬಯಾಸ್‌ನಲ್ಲಿ ಎಕ್ಸ್‌ಪೋ (ರ್‍ಯಾಮನ್ನು ಅದರ ಪೂರ್ತಿ ವೇಗಕ್ಕೆ ತರುವ ಸೆಟ್ಟಿಂಗ್) ಆನ್ ಮಾಡಿದರೆ ಆ ಕಾಟ ತುಂಬಾ ಕಮ್ಮಿ. ಎಕ್ಸ್‌ಪೋ ಆನ್ ಮಾಡದೆ ವರ್ಷಗಟ್ಟಲೆ 4800ರಲ್ಲಿ ಓಡಿಸುವವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ, ನೀವು ಅವರಾಗಬೇಡಿ.

7800ಎಕ್ಸ್3ಡಿ ತಗೊಳ್ಳಿ ಅಂತ ಯಾರಾದರೂ ಈಗ ಬಂದೇ ಬರುತ್ತಾರೆ. 96 ಎಂಬಿ ಕ್ಯಾಷ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇದೆ, ಈ ಎರಡು ಆಟಕ್ಕೆ ಅದಕ್ಕಿಂತ ಒಳ್ಳೆಯದು ಹುಡುಕಬೇಕೆಂದರೆ 9800ಎಕ್ಸ್3ಡಿಗೇ ಹೋಗಬೇಕು, ಒಪ್ಪಿದೆ. ಆದರೆ ನಿಮ್ಮ ಮಾನಿಟರ್ 144 ಹರ್ಟ್ಸ್. 7600 ವ್ಯಾಲರಂಟ್‌ನಲ್ಲಿ ಅದನ್ನು ಆರಾಮಾಗಿ ದಾಟುತ್ತದೆ. ಅದರ ಮೇಲೆ ಎಷ್ಟು ಎಫ್‌ಪಿಎಸ್ ಬಂದರೂ ಮೌಸ್ ಸ್ವಲ್ಪ ಚುರುಕು ಅನಿಸಬಹುದು ಅಷ್ಟೇ, ಪರದೆ ತೋರಿಸುವುದು 144. ಎಎಂ5ಗೆ 2027ರವರೆಗಾದರೂ ಬೆಂಬಲ ಇದೆ ಅಂತ ಎಎಂಡಿಯೇ ಹೇಳಿದೆ. ಮುಂದೆ ಯಾವತ್ತಾದರೂ 240 ಹರ್ಟ್ಸ್ ಮಾನಿಟರ್ ತಗೊಂಡಾಗ ಸೆಕೆಂಡ್ ಹ್ಯಾಂಡ್ ಎಕ್ಸ್3ಡಿ ಅದೇ ಬೋರ್ಡ್‌ಗೆ ಕೂರಿಸಿದರಾಯಿತು.

ಈಗ ಕೂಲರ್. ಇದು ನನಗೆ ಇಷ್ಟದ ವಿಷಯ, ಉದ್ದ ಆದರೆ ಕ್ಷಮಿಸಿ.

ಏರ್ ಆಗಲಿ ಲಿಕ್ವಿಡ್ ಆಗಲಿ, ರೂಮಿನ ಗಾಳಿಗಿಂತ ತಣ್ಣಗೆ ಯಾವುದೂ ಮಾಡುವುದಿಲ್ಲ. ಲಿಕ್ವಿಡ್ ಅಂದಾಕ್ಷಣ ಫ್ರಿಜ್ ಅಂದುಕೊಳ್ಳುತ್ತಾರೆ ಜನ. ಅಲ್ಲೂ ಕೊನೆಗೆ ಬಿಸಿ ಹೊರಗೆ ಹಾಕುವುದು ಫ್ಯಾನು, ಅದೇ ರೂಮಿನ ಗಾಳಿಗೆ. ಯಾವುದೋ ಕೂಲರ್ ನಿಮ್ಮ ಪ್ರೊಸೆಸರನ್ನು ರೂಮಿಗಿಂತ 40 ಡಿಗ್ರಿ ಮೇಲೆ ನಿಲ್ಲಿಸುತ್ತದೆ ಅಂದುಕೊಳ್ಳಿ. ಡಿಸೆಂಬರ್‌ನಲ್ಲಿ ರೂಮು 23 ಇದ್ದರೆ ಚಿಪ್ 63. ಏಪ್ರಿಲ್‌ನಲ್ಲಿ ರೂಮು 35 ಇದ್ದರೆ 75. ಅಷ್ಟೇ ಲೆಕ್ಕ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಆಗಿತ್ತು. ನಿಮ್ಮ ರೂಮು ಅಷ್ಟಾದರೂ 79, ಆದರೆ 7600ಕ್ಕೆ ಮಿತಿ 95. ಅಲ್ಲಿಗೆ ಮುಟ್ಟಿದರೂ ಸುಡುವುದಿಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ನೀವೇ ಎದ್ದು ಹೋಗಿ ಸ್ನಾನ ಮಾಡಿರುತ್ತೀರಿ.

7600 ಬಾಕ್ಸ್‌ನಲ್ಲಿ ಬರುವುದು ರೈತ್ ಸ್ಟೆಲ್ತ್. ಸುಮ್ನೆ ಒಂದು ಅಲ್ಯೂಮಿನಿಯಂ ಗಟ್ಟಿ, ಅದರ ಮೇಲೊಂದು ಫ್ಯಾನ್. ಕೆಲಸ ಮಾಡುತ್ತದೆ, ಆದರೆ ಬೇಸಿಗೆಯಲ್ಲಿ ಜೋರಾಗಿ ತಿರುಗಿ ಕಿವಿಗೆ ಬೀಳುತ್ತದೆ. ಟವರ್ ಕೂಲರ್‌ನಲ್ಲಿ ತಾಮ್ರದ ಹೀಟ್‌ಪೈಪ್ ಇರುತ್ತದೆ, ಒಳಗೆ ಚೂರೇ ಚೂರು ದ್ರವ. ಕೆಳಗೆ ಚಿಪ್ ಬಿಸಿಗೆ ಅದು ಆವಿಯಾಗಿ ಮೇಲೆ ರೆಕ್ಕೆಗಳ ಹತ್ತಿರ ಹೋಗುತ್ತದೆ, ಅಲ್ಲಿ ತಣ್ಣಗಾಗಿ ಮತ್ತೆ ನೀರಾಗಿ ಪೈಪಿನ ಒಳಮೈ ಹಿಡಿದು ಇಳಿಯುತ್ತದೆ. ಪಂಪ್ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ. ಫ್ಯಾನ್ ಹೋದರೆ ಕೆಲವು ನೂರು ರೂಪಾಯಿಗೆ ಬೇರೆ ಹಾಕಬಹುದು. ಲಿಕ್ವಿಡ್‌ನಲ್ಲಿ ಪಂಪ್ ಹೋದರೆ ಇಡೀ ಸೆಟ್ಟೇ ಕಸ. ಡೀಪ್‌ಕೂಲ್ ಎಕೆ400 ಥರದ್ದು ನಿಮಗೆ ಧಾರಾಳ. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಸಿಕ್ಕರೆ ಎರಡು ಟವರ್, ಆರು ಪೈಪು, ಮುಂದೆ ಎಕ್ಸ್3ಡಿ ಹಾಕಿದರೂ ಅದೇ ನಡೆಯುತ್ತದೆ. ಎರಡೂ 155 ಮಿಲಿಮೀಟರ್ ಎತ್ತರ, ಕ್ಯಾಬಿನೆಟ್ ಅಳತೆ ನೋಡಿಕೊಂಡು ತಗೊಳ್ಳಿ.

ಒಂದು ಪಕ್ಕದ ಮಾತು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ನೂರಕ್ಕೆ ಎಂಟೊಂಬತ್ತು ಪಾಲು ತೆಳು. ಅಂದರೆ ಅದೇ ಫ್ಯಾನ್ ಚೆನ್ನೈಗಿಂತ ಇಲ್ಲಿ ಚೂರು ಕಮ್ಮಿ ಬಿಸಿ ಹೊರುತ್ತದೆ. ಆದರೆ ಚೆನ್ನೈ ಸೆಖೆ ಯಾರಿಗೆ ಬೇಕು ಹೇಳಿ.

ಎಸ್ಪಿರೋಡ್_ಸುತ್ತಾಟ:

ಮೌನಫ್ಯಾನ್ ಹೇಳಿದ್ದಕ್ಕೆ ಒಂದೇ ತಕರಾರು. ಟವರ್ ಈಗಲೇ ಯಾಕೆ? ರ್‍ಯಾಮ್ ಬೆಲೆ ನೋಡಿದರೆ ಇವರ ಬಜೆಟ್ ಬಿಗಿ ಇದೆ. ಬಾಕ್ಸ್ ಕೂಲರ್‌ನಲ್ಲಿ ಶುರು ಮಾಡಲಿ. ಅದು ಪಿಸಿಯಲ್ಲಿ ಆಮೇಲೆ ಸುಲಭವಾಗಿ ಬದಲಾಯಿಸಬಹುದಾದ ಭಾಗ. ಎಎಂ5ನಲ್ಲಿ ಬೋರ್ಡಿನ ಹಿಂದಿನ ಲೋಹದ ಪಟ್ಟಿ ಅಲ್ಲೇ ಇರುತ್ತದೆ, ಮೌನಫ್ಯಾನ್ ಹೇಳಿದ ಎರಡೂ ಟವರ್ ಅದೇ ಪಟ್ಟಿಗೆ ಕೂರುತ್ತವೆ. ಹಾಗಾಗಿ ಬೋರ್ಡ್ ಹೊರಗೆ ತೆಗೆಯುವ ಪ್ರಶ್ನೆಯೇ ಇಲ್ಲ. ಕಡಿಮೆ ಗ್ರಾಫಿಕ್ಸ್ ಕಾರ್ಡ್ ತಗೊಂಡರೆ ಮಾತ್ರ ಮೂರು ವರ್ಷ ಕೊರಗಬೇಕು.

ಕೂಲರ್‌ಗಿಂತ ಕ್ಯಾಬಿನೆಟ್‌ಗೆ ಗಮನ ಕೊಡಿ. ಮುಂದೆ ಗಾಜು ಮುಚ್ಚಿದ ಆ ಮೀನಿನ ತೊಟ್ಟಿಯಂಥ ಕ್ಯಾಬಿನೆಟ್ ಅಂಗಡಿಯಲ್ಲಿ ಚೆಂದ, ತಾರಸಿ ರೂಮಿನಲ್ಲಿ ಬೇಡ. ಮುಂದೆ ಜಾಲರಿ ಇರಬೇಕು, ಮುಂದೆ ಎರಡು ಫ್ಯಾನ್ ಒಳಗೆ ಎಳೆಯಬೇಕು, ಹಿಂದೆ ಒಂದು ಹೊರಗೆ ತಳ್ಳಬೇಕು. 5060 ಟಿಐ ಒಂದೇ 180 ವ್ಯಾಟ್ ಬಿಸಿ ಕ್ಯಾಬಿನೆಟ್ ಒಳಗೇ ಬಿಡುತ್ತದೆ, ಪ್ರೊಸೆಸರ್‌ಗಿಂತ ಎರಡರಷ್ಟು. ಅದು ಹೊರಗೆ ಹೋಗದಿದ್ದರೆ ಯಾವ ಕೂಲರ್ ಹಾಕಿ ಏನು ಪ್ರಯೋಜನ? ಗೋಡೆಗೆ ಒತ್ತಿ ಇಡಬೇಡಿ. ಫಿಲ್ಟರ್ ಆಗಾಗ ತೊಳೆಯಿರಿ, ನಮ್ಮ ರಸ್ತೆ ಧೂಳಿನ ಬಗ್ಗೆ ನಾನು ಹೇಳಬೇಕಾ? ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡಿದಿರಿ, ಸುಮ್ನೆ ತಿರುಗಲು ಬಿಡಬೇಡಿ. ಕ್ಯಾಬಿನೆಟ್ ಹಿಂದೆ ಕಾರ್ಡ್ ಇಲ್ಲದ ಪಿಸಿಐ ಸಂದುಗಳನ್ನು ಮುಚ್ಚಿಡಿ, ಹಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಒಳಗೆ ಬರುತ್ತದೆ, ತಮಾಷೆಗೆ ಹೇಳುತ್ತಿಲ್ಲ.

ಅಜ್ಜಿಮನೆ_ಗೇಮರ್:

ಸರಿ ಸರಿ, ಸಿಎಸ್2 ವಿಷಯದಲ್ಲಿ ನಾನು ಸೋತೆ. ಆದರೂ ಬಜೆಟ್ ದಾಟಿದರೆ 12400ಎಫ್ ನೆನಪಿರಲಿ. ಯುಪಿಎಸ್ ಬಗ್ಗೆ ಯಾರೂ ಹೇಳಲಿಲ್ಲ. ವಿಜಯನಗರದಲ್ಲಿ ಮಳೆ ಹನಿ ಬಿದ್ದರೆ ಕರೆಂಟ್ ಹೋಗುತ್ತದೆ ಅಲ್ವಾ? ಹಳೇ ಪಿಸಿಯ 600 ವಿಎ ಯುಪಿಎಸ್ ಇದ್ದರೆ ಅದು ಕೊಡುವುದು 360 ವ್ಯಾಟ್ ಅಷ್ಟೇ. ಕಾರ್ಡ್ 180, ಪ್ರೊಸೆಸರ್ 88, ಮಾನಿಟರ್, ಬೋರ್ಡ್, ಫ್ಯಾನ್ ಎಲ್ಲ ಸೇರಿದರೆ ಅಂಚಿಗೆ ಬರುತ್ತದೆ. ಕರೆಂಟ್ ಹೋದ ತಕ್ಷಣ ಬೀಪ್ ಅಂದು ಅದೂ ಹೋಗುತ್ತದೆ. 1000 ವಿಎ ನೋಡಿ.

ತಾರಸಿರೂಮ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೀಗೆ ಅಂದುಕೊಂಡಿದ್ದೇನೆ: 7600 ಬಾಕ್ಸ್ ಪೀಸ್, ಬಿ650 ಬೋರ್ಡ್, 5060 ಟಿಐ ಹಾಗೇ ಇರುತ್ತದೆ. ರ್‍ಯಾಮ್ 32 ಬೇಕೆಂದಿದ್ದೆ, ಈಗಿನ ಬೆಲೆಗೆ 16ಕ್ಕೆ ಇಳಿಯಬೇಕು. 16ರ ಒಂದೇ ಸ್ಟಿಕ್ ಹಾಕಿ ಮುಂದೆ ಇನ್ನೊಂದು ಸೇರಿಸಲಾ, ಇಲ್ಲ 8+8 ಹಾಕಲಾ? ಕೂಲರ್ ಸದ್ಯಕ್ಕೆ ಬಾಕ್ಸ್‌ನದ್ದೇ, ಮಾರ್ಚ್‌ನಲ್ಲಿ ಸದ್ದು ಜಾಸ್ತಿಯಾದರೆ ಟವರ್. ಜೋಡಿಸುವಾಗ ಏನು ನೋಡಿಕೊಳ್ಳಬೇಕು?

ಮೌನಫ್ಯಾನ್:

8+8. ಒಂದೇ ಸ್ಟಿಕ್ ಅಂದರೆ ಸಿಂಗಲ್ ಚಾನೆಲ್ (ರ್‍ಯಾಮ್‌ಗೆ ಒಂದೇ ದಾರಿ), ನಿಮ್ಮ ಆಟಗಳಲ್ಲೇ ಪೆಟ್ಟು ಬೀಳುತ್ತದೆ. ಮುಂದೆ ಬೆಲೆ ಇಳಿದಾಗ ಈ ಜೋಡಿ ಮಾರಿ 16+16 ತಗೊಳ್ಳಿ. ನಾಲ್ಕು ಸ್ಟಿಕ್ ಮಾತ್ರ ತುಂಬಬೇಡಿ, ಎಎಂ5 ನಾಲ್ಕು ಸ್ಟಿಕ್‌ನಲ್ಲಿ 6000 ಓಡಿಸಲು ತಿಣುಕಾಡುತ್ತದೆ. ಎರಡನ್ನೂ ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ.

ಸ್ಟೆಲ್ತ್ ಹಾಕಲು ಬೋರ್ಡ್ ಮೇಲಿನ ಎರಡು ಪ್ಲಾಸ್ಟಿಕ್ ಹಿಡಿಗಳನ್ನು ಬಿಚ್ಚಬೇಕು. ತಳಕ್ಕೆ ಥರ್ಮಲ್ ಪೇಸ್ಟ್ (ಬಿಸಿ ದಾಟಿಸುವ ಲೇಪ) ಹಚ್ಚಿಯೇ ಬರುತ್ತದೆ, ಬೆರಳು ತಾಗಿಸಬೇಡಿ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಮುಂದೆ ಟವರ್ ತಗೊಂಡಾಗ ಹಳೇ ಪೇಸ್ಟ್ ಒರೆಸಿ, ಟವರ್ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಕಿತ್ತು ಹಾಕಿ. ಅದನ್ನು ಕೀಳದೆ ಕೂರಿಸಿ ಪ್ರೊಸೆಸರ್ ಬಿಸಿ ಅಂತ ಬರುವವರು ಪ್ರತಿ ತಿಂಗಳೂ ಇದ್ದೇ ಇರುತ್ತಾರೆ.

ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗೇ ಇರುತ್ತದೆ. ಹೆದರಿ ಪವರ್ ಕೀಳಬೇಡಿ. ಎಎಂ5 ಬೋರ್ಡ್ ಮೊದಲು ರ್‍ಯಾಮ್ ಪರೀಕ್ಷೆ ಮಾಡಿಕೊಳ್ಳುತ್ತದೆ, ಕೆಲವು ನಿಮಿಷ ಹಿಡಿಯುತ್ತದೆ. ಎಕ್ಸ್‌ಪೋ ಆನ್ ಮಾಡಿದ ಮೇಲೆ ಇನ್ನೊಂದು ಸಲ ಹಾಗೇ ಆಗುತ್ತದೆ. ಹೋಗಿ ಕಾಫಿ ಮಾಡಿಕೊಂಡು ಬನ್ನಿ. ಎಚ್‌ಡಿಎಂಐ ವಯರ್ ಬೋರ್ಡ್‌ಗಲ್ಲ, ಗ್ರಾಫಿಕ್ಸ್ ಕಾರ್ಡ್‌ಗೆ ಚುಚ್ಚಬೇಕು. 7600 ಒಳಗೇ ಚಿಕ್ಕ ಗ್ರಾಫಿಕ್ಸ್ ಇದೆ, ಬೋರ್ಡ್‌ಗೆ ಚುಚ್ಚಿದರೂ ಚಿತ್ರ ಬರುತ್ತದೆ, ಆಮೇಲೆ 5060 ಟಿಐ ಓಡುತ್ತಲೇ ಇಲ್ಲ ಅಂತ ಇಲ್ಲೇ ಬಂದು ಕೇಳುತ್ತೀರಿ. ಆ ಮಾನಿಟರ್‌ಗೆ ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಬಳಸಿ, ವಿಂಡೋಸ್‌ನಲ್ಲಿ ಹೋಗಿ 144 ಹರ್ಟ್ಸ್ ಆಯ್ಕೆ ಮಾಡಿ, ತಾನಾಗೇ 60ರಲ್ಲಿ ಕೂತಿರುವುದುಂಟು.