ಟ್ಯಾಕ್ರೋಲಿಮಸ್‌ನಿಂದ ಕಿಡ್ನಿಗೇ ತೊಂದರೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ನನ್ನ ತಮ್ಮನಿಗೆ ಕಿಡ್ನಿ ಕಸಿಯಾಗಿ ಕೆಲವು ವರ್ಷಗಳಾದವು. ಈಚೆಗೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ತ್ಯಾಜ್ಯ) ಏರುತ್ತಿದೆ. ಟ್ಯಾಕ್ರೋಲಿಮಸ್ ಮಾತ್ರೆಯಿಂದಲೇ ಕಿಡ್ನಿಯ ಜೀವಕೋಶಗಳಿಗೆ ಪೆಟ್ಟಾಗಿರಬಹುದು ಎನ್ನುತ್ತಾರೆ ವೈದ್ಯರು. ಕಸಿಯನ್ನು ಕಾಯಬೇಕಾದ ಮಾತ್ರೆಯೇ ಹೀಗೆ ಮಾಡುವುದುಂಟೇ? ಅವನು ಹೆದರಿ ಮಾತ್ರೆ ಬಿಡುವ ಮಾತಾಡುತ್ತಿದ್ದಾನೆ.

ಕಸಿ ಮಾಡಿಸಿಕೊಂಡವರೊಬ್ಬರು: ವೈದ್ಯರು ಹೇಳದೆ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಲು ಬಿಡಬೇಡಿ. ಬಿಟ್ಟರೆ ದೇಹ ಕಸಿ ಕಿಡ್ನಿಯನ್ನು ತಿರಸ್ಕರಿಸುವ ಅಪಾಯವಿದೆ. ನಿಮ್ಮ ತಮ್ಮನ ಭಯ ನನಗೆ ಚೆನ್ನಾಗಿ ಗೊತ್ತು, ನಾನೂ ಅದನ್ನು ಅನುಭವಿಸಿದ್ದೇನೆ. ಟ್ಯಾಕ್ರೋಲಿಮಸ್, ಅದೇ ಬಗೆಯ ಸೈಕ್ಲೋಸ್ಪೊರಿನ್ ಎರಡೂ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ತಡೆದು, ಕಸಿಯ ಮೇಲೆ ದಾಳಿ ಮಾಡುವ ರೋಗನಿರೋಧಕ ಟಿ ಕೋಶಗಳನ್ನು ಸುಮ್ಮನಿರಿಸುತ್ತವೆ. ಆ ಕಿಣ್ವ ಕಿಡ್ನಿಯಲ್ಲೂ ಇದೆ. ರಕ್ತದಲ್ಲಿ ಔಷಧದ ಮಟ್ಟ ಹೆಚ್ಚಾದಾಗ ಕಿಡ್ನಿಯೊಳಗೆ ರಕ್ತ ಸೋಸುವ ಗೊಂಚಲುಗಳಿಗೆ ರಕ್ತ ತರುವ ಸಣ್ಣ ನಾಳಗಳು ಬಿಗಿದುಕೊಳ್ಳುತ್ತವೆ, ಕ್ರಿಯಾಟಿನಿನ್ ಏರುತ್ತದೆ. ಮೂತ್ರನಾಳಿಕೆಗಳ ಕೋಶಗಳಲ್ಲಿ ಸಣ್ಣ ಗುಳ್ಳೆಗಳೂ ಕಾಣಿಸಬಹುದು. ಈ ಹಂತದಲ್ಲಿ ಪ್ರಮಾಣ ತಗ್ಗಿಸಿದರೆ ಕಿಡ್ನಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ನನಗೆ ಹಾಗೆಯೇ ಆಯಿತು. ವರ್ಷಗಳ ಕಾಲ ನಡೆಯುವ ಹಾನಿ ಬೇರೆ: ನಾಳದ ಗೋಡೆ ದಪ್ಪವಾಗಿ, ಮೂತ್ರನಾಳಿಕೆಗಳು ಕುಗ್ಗಿ, ನಡುವೆ ಪಟ್ಟೆಪಟ್ಟೆಯಾಗಿ ಗಾಯದ ಕಲೆಯಂಥ ಅಂಗಾಂಶ ಬೆಳೆಯುತ್ತದೆ. ಅದು ಮರಳಿ ಮೊದಲಿನಂತಾಗುವುದಿಲ್ಲ.

ಬಯಾಪ್ಸಿಗೆ (ಕಿಡ್ನಿಯ ಚೂರು ತೆಗೆದು ಮಾಡುವ ಪರೀಕ್ಷೆಗೆ) ಹೇಳಿದರೆ ಹಿಂಜರಿಯಬೇಡಿ. ತಿರಸ್ಕಾರದಿಂದಲೂ, ರೋಗನಿರೋಧಕ ಶಕ್ತಿ ತಗ್ಗಿದಾಗ ಕಸಿ ಕಿಡ್ನಿಯನ್ನು ಕಾಡುವ ಬಿಕೆ ವೈರಸ್‌ನಿಂದಲೂ ಕ್ರಿಯಾಟಿನಿನ್ ಏರುತ್ತದೆ. ತಿರಸ್ಕಾರಕ್ಕೆ ಔಷಧ ಹೆಚ್ಚಿಸಬೇಕು, ವೈರಸ್‌ಗೆ ತಗ್ಗಿಸಬೇಕು. ಊಹೆಯ ಮೇಲೆ ನಡೆಯುವ ವಿಷಯವಲ್ಲ.

ಔಷಧಾಲಯದಲ್ಲಿ ಕೆಲಸ ಮಾಡುವವರು: ಈಚೆಗೆ ಬೇರೆ ಯಾವ ಮಾತ್ರೆ ಸೇರಿದೆ ಎಂದು ಮೊದಲು ನೋಡಿ. ಆ್ಯಂಟಿಬಯಾಟಿಕ್ ಆದ ಕ್ಲಾರಿಥ್ರೊಮೈಸಿನ್, ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೊನಜೋಲ್, ರಕ್ತದೊತ್ತಡಕ್ಕೆ ಕೊಡುವ ಡಿಲ್ಟಿಯಾಜೆಮ್, ಗ್ರೇಪ್‌ಫ್ರೂಟ್ ರಸ ಇವೆಲ್ಲ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಭೇದಿಯಾದಾಗಲೂ ಮಟ್ಟ ಏರುವುದುಂಟು. ಇದನ್ನು ಎಷ್ಟೋ ಮಂದಿ ವೈದ್ಯರಿಗೆ ಹೇಳುವುದೇ ಇಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ತಾವಾಗಿಯೇ ನುಂಗುವುದಂತೂ ಬೇಡವೇ ಬೇಡ. ಟ್ಯಾಕ್ರೋಲಿಮಸ್ ಮಟ್ಟದ ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆಯೇ ಬೆಳಗಿನ ಮಾತ್ರೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಅಂಕಿ ತಪ್ಪು ದಾರಿಗೆಳೆಯುತ್ತದೆ.

ಲಿವರ್ ಕಸಿಯಾದವರ ಮಗಳು: ನನ್ನ ತಂದೆಗೆ ಕಸಿಯಾದದ್ದು ಲಿವರ್, ಪೆಟ್ಟು ಬಿದ್ದದ್ದು ಅವರದೇ ಕಿಡ್ನಿಗೆ. ವೈದ್ಯರು ಟ್ಯಾಕ್ರೋಲಿಮಸ್ ತಗ್ಗಿಸಿ, ತಿರಸ್ಕಾರ ತಡೆಯುವ ಇನ್ನೊಂದು ಔಷಧ ಮೈಕೊಫೆನೊಲೇಟ್ ಸೇರಿಸಿದರು. ಅದು ಕಿಡ್ನಿಗೆ ಹಾಗೆ ಹಾನಿ ಮಾಡುವುದಿಲ್ಲ. ಟ್ಯಾಕ್ರೋಲಿಮಸ್‌ನಿಂದ ಬಂದಿದ್ದ ಕೈ ನಡುಕವೂ ಕಡಿಮೆಯಾಯಿತು. ಈ ಮಾತ್ರೆಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಏರಿದೆಯೇ, ಮೆಗ್ನೀಸಿಯಂ ಇಳಿದಿದೆಯೇ ಎಂದು ಮುಂದಿನ ಭೇಟಿಯಲ್ಲಿ ಕೇಳಿ. ತಮ್ಮನವರನ್ನೂ ಜೊತೆಗೆ ಕೂರಿಸಿಕೊಂಡೇ ಕೇಳಿ, ಮಾತ್ರೆ ಬಿಡುವ ಯೋಚನೆಯನ್ನು ಅವರೇ ವೈದ್ಯರ ಮುಂದೆ ಬಾಯಿಬಿಟ್ಟು ಹೇಳಲಿ.