ತಡವಾಗಿ ಸೇರುವ ವಿದೇಶಿ ವಿದ್ಯಾರ್ಥಿಗಳಿಗೆ ಗ್ರಂಥಾಲಯದ ನೆರವು ಹೇಗಿರಬೇಕು?

ಪ್ರಶ್ನೆ (ಸಹಾಯಕ ಗ್ರಂಥಪಾಲಕಿ, ಮಂಗಳೂರು):
ಎಲ್ಲರಿಗೂ ನಮಸ್ಕಾರ. ನಮ್ಮ ಸ್ನಾತಕೋತ್ತರ ವಿಭಾಗಗಳಿಗೆ ಐಸಿಸಿಆರ್ (ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು) ವಿದ್ಯಾರ್ಥಿವೇತನ ಪಡೆದು ಬರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಹಲವರು ವೀಸಾ ಕೆಲಸ ಮುಗಿಸಿಕೊಂಡು ತಲುಪುವ ಹೊತ್ತಿಗೆ ಗ್ರಂಥಾಲಯದ ಪರಿಚಯ ಕಾರ್ಯಕ್ರಮ ಮುಗಿದಿರುತ್ತದೆ. ಅವರಿಗಾಗಿ ಮತ್ತೊಮ್ಮೆ ಎಲ್ಲ ವಿಭಾಗಗಳನ್ನೂ ಸುತ್ತಿ ತೋರಿಸುತ್ತೇವೆ. ಆದರೂ ಅಸೈನ್‌ಮೆಂಟ್ ಬಂದಾಗ ಅವರು ಗೂಗಲ್‌ನಲ್ಲಿ ಸಿಕ್ಕಿದ್ದನ್ನೇ ನೆಚ್ಚಿಕೊಳ್ಳುತ್ತಾರೆ. ಕೌಂಟರಿಗೆ ಬಂದು ಕೇಳುವವರು ಅಪರೂಪ. ಪ್ರತ್ಯೇಕ ಕೈಪಿಡಿಯೊಂದನ್ನು ಮುದ್ರಿಸಿದರೆ ಪ್ರಯೋಜನವಾದೀತೇ?

ಉತ್ತರ (ನಿವೃತ್ತ ಗ್ರಂಥಪಾಲಕ, ಉಡುಪಿ):
ಕೈಪಿಡಿಯಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ, ಮೇಡಂ. ಅಸೈನ್‌ಮೆಂಟ್ ಕೊಟ್ಟ ವಾರದಲ್ಲೇ, ಅದೇ ವಿಷಯವನ್ನು ಹಿಡಿದು, ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಪ್ಯಾಕ್‌ನಲ್ಲಿ (ಗ್ರಂಥಾಲಯದ ಆನ್‌ಲೈನ್ ಪುಸ್ತಕಸೂಚಿಯಲ್ಲಿ) ಹುಡುಕಿಸಿ, ಪುಸ್ತಕ ಎಲ್ಲಿದೆಯೆಂದು ಸೂಚಿಸುವ ಕಾಲ್ ನಂಬರ್ ಬರೆದುಕೊಂಡು ಕಪಾಟಿನವರೆಗೆ ಅವರೇ ಹೋಗುವಂತೆ ಮಾಡಿ. ಪುಸ್ತಕವನ್ನು ಸಿಬ್ಬಂದಿಯೇ ತಂದುಕೊಡುವ ಪದ್ಧತಿಯಲ್ಲಿ ಓದಿದವರು ಕಪಾಟಿಗೆ ಕೈ ಹಾಕಲೂ ಅನುಮತಿ ಬೇಕೆಂದುಕೊಂಡಿರಬಹುದು; ಅನುಮತಿ ಬೇಕಿಲ್ಲವೆಂದು ನಾವಾಗಿಯೇ ಹೇಳಬೇಕು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸುವುದು. ನಮ್ಮ ಪರಿಚಯ ಕಾರ್ಯಕ್ರಮಗಳು ಹೆಚ್ಚಾಗಿ ಉಳಿಸುವುದು ಸಿಬ್ಬಂದಿಯ ಸಮಯವನ್ನು.

ಉತ್ತರ (ಸಂಶೋಧನಾ ಮಾರ್ಗದರ್ಶಕಿ, ಕೊಣಾಜೆ):
ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ನನ್ನ ಅನುಭವದಲ್ಲಿ ಇದಕ್ಕಿಂತ ದೊಡ್ಡ ಭಯ ಕೃತಿಚೌರ್ಯದ ವರದಿಯದು. ಯುಜಿಸಿಯ (ವಿಶ್ವವಿದ್ಯಾನಿಲಯ ಅನುದಾನ ಆಯೋಗದ) 2018ರ ನಿಯಮಾವಳಿಯ ಪ್ರಕಾರ ಬೇರೆಯವರ ಬರಹದೊಂದಿಗೆ ಶೇ. 10ರವರೆಗಿನ ಸಾಮ್ಯತೆಗೆ ದಂಡನೆಯಿಲ್ಲ, ಅದನ್ನು ಮೀರಿದರೆ ಶೇ. 40 ಮತ್ತು ಶೇ. 60ರ ಗಡಿಗಳಲ್ಲಿ ಶಿಕ್ಷೆ ಬಿಗಿಯಾಗುತ್ತಾ ಹೋಗುತ್ತದೆ. ಇದನ್ನು ಕೇಳಿದ ವಿದ್ಯಾರ್ಥಿ ಗಾಬರಿಯಿಂದ ವಾಕ್ಯಗಳಲ್ಲಿ ಪದ ಬದಲಿಸಲು ತೊಡಗುತ್ತಾನೆಯೇ ಹೊರತು ಆಕರ ಸೂಚಿಸಲು ಕಲಿಯುವುದಿಲ್ಲ. ಸೂಕ್ತವಾಗಿ ಆಕರ ತೋರಿಸಿದ ಉಲ್ಲೇಖಗಳನ್ನೂ ಗ್ರಂಥಋಣದ ಪಟ್ಟಿಯನ್ನೂ ಆ ಲೆಕ್ಕದಿಂದ ಹೊರಗಿಡಲಾಗುತ್ತದೆ ಎಂಬುದನ್ನು ಮೊದಲು ತಿಳಿಸಿ. ಬಳಿಕ ಅವರದೇ ಕರಡಿನ ಒಂದು ಪುಟವನ್ನು ಎದುರಿಗಿಟ್ಟುಕೊಂಡು ಆಕರಗಳನ್ನು ಸಂಗ್ರಹಿಸಿ ಉಲ್ಲೇಖಿಸಲು ನೆರವಾಗುವ ಝೊಟೇರೊ ತಂತ್ರಾಂಶ ಬಳಸುವುದನ್ನು ತೋರಿಸಿ. ಅದು ಉಚಿತವೂ ಹೌದು.

ಉತ್ತರ (ಗ್ರಂಥಾಲಯದ ತಾಂತ್ರಿಕ ಸಹಾಯಕ, ಮಂಗಳೂರು):
ಎಲ್ಲಕ್ಕಿಂತ ಮೊದಲು ಅವರಿಗೆ ಲಾಗಿನ್ ಸಿಕ್ಕಿದೆಯೇ ನೋಡಿ, ಮೇಡಂ. 2025ರ ಜನವರಿಯಲ್ಲಿ ಆರಂಭವಾದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯಡಿ ಸರಕಾರಿ ವಿಶ್ವವಿದ್ಯಾನಿಲಯಗಳಿಗೆ ಸಾವಿರಾರು ಜರ್ನಲ್‌ಗಳು (ಸಂಶೋಧನಾ ಪತ್ರಿಕೆಗಳು) ದೊರೆಯುತ್ತಿವೆ. ಹಾಸ್ಟೆಲಿನಲ್ಲಿ ಕುಳಿತು ಮೊಬೈಲ್ ಡೇಟಾದಲ್ಲಿ ಅವುಗಳನ್ನು ಓದಬೇಕೆಂದರೆ ಸಂಸ್ಥೆಯ ಮೂಲಕ ತೆರೆದ ಖಾತೆ ಬೇಕು. ತಡವಾಗಿ ಬಂದವರಿಗೆ ರಿಜಿಸ್ಟರ್ ನಂಬರೇ ಬಂದಿರುವುದಿಲ್ಲವಾದ್ದರಿಂದ ಖಾತೆಯೂ ಇರುವುದಿಲ್ಲ. ಅವರು ಗೂಗಲ್‌ಗೆ ಹೋಗುವುದರಲ್ಲಿ ಆಶ್ಚರ್ಯವೇನಿದೆ? ಪ್ರವೇಶಾತಿಯ ರಶೀದಿಯ ಆಧಾರದ ಮೇಲೆ ತಾತ್ಕಾಲಿಕ ಖಾತೆ ಕೊಡಲು ನಿಮ್ಮ ಗ್ರಂಥಪಾಲಕರು ಒಪ್ಪಿಗೆ ನೀಡಿದರೆ ಸಾಕು, ತಾಂತ್ರಿಕವಾಗಿ ಕಷ್ಟವೇನಿಲ್ಲ.